ವಿಡಿಯೊ ಗೇಮ್ ಮೇಲೆ ಪಿಎಚ್‌ಡಿ: ಅಲ್ಲಿ ಏನನ್ನು ಅಳೆಯುತ್ತಾರೆ?

ಪ್ರಶ್ನೆ: ನಾನು ದಾವಣಗೆರೆ ಕಡೆಯ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಮಗ ಕಂಪ್ಯೂಟರ್ ಸೈನ್ಸ್ ಬಿ.ಇ. ಆರನೇ ಸೆಮಿಸ್ಟರ್‌ನಲ್ಲಿದ್ದಾನೆ. ಕೆಲಸಕ್ಕೆ ಹೋಗಲ್ಲ, ವಿಡಿಯೊ ಗೇಮ್ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ಗೇಮ್ ಆಡಿ ಮಕ್ಕಳು ಒರಟಾಗುತ್ತಾರೆ ಎಂದು ಪೋಷಕರ ಸಭೆಯಲ್ಲಿ ಹೇಳುವವರು ನಾವೇ. ಇನ್ನು ಕೆಲವರು ಗೇಮ್ ಆಡಿದರೆ ಬುದ್ಧಿ ಚುರುಕಾಗುತ್ತದೆ ಅನ್ನುತ್ತಾರೆ. ನಿಜಕ್ಕೂ ಇದು ಓದುವ ವಿಷಯವಾ? ಅಲ್ಲಿ ಏನು ಸಂಶೋಧನೆ ಮಾಡುತ್ತಾರೆ? ಅವನ ದಾರಿಗೆ ಅವನನ್ನು ಬಿಡಬಹುದಾ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೌದು, ಇದು ಓದುವ ವಿಷಯವೇ. ಎರಡನೆಯದಕ್ಕೆ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ. ನಾನು ಮನುಷ್ಯ ಮತ್ತು ಕಂಪ್ಯೂಟರ್ ನಡುವಿನ ಒಡನಾಟದ ಬಗ್ಗೆ ಕೆಲಸ ಮಾಡುವವನು. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಲ್ಲಿ ಗೇಮ್ ಬಗ್ಗೆ ಪ್ರೀತಿ ಬೇಕಾದಷ್ಟು ಇರುತ್ತದೆ. ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಅನ್ನುವ ಯೋಚನೆ ಮಾತ್ರ ಅಪರೂಪ. ಈ ಕ್ಷೇತ್ರದ ಜಗಳಗಳೆಲ್ಲ ಅಲ್ಲೇ ನಡೆದಿವೆ, ಗೆಲುವುಗಳೂ ಅಲ್ಲೇ ಸಿಕ್ಕಿವೆ. ನೀವು ವಿಜ್ಞಾನ ಕಲಿಸುವವರು, ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರ್ ಗೇಮ್‌ಗಳ ಆರಂಭವೇ ಲ್ಯಾಬ್‌ಗಳಲ್ಲಿ. 1952ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸ್ಯಾಂಡಿ ಡಗ್ಲಸ್ ಎಂಬ ಸಂಶೋಧನಾ ವಿದ್ಯಾರ್ಥಿ ಎಡ್ಸಾಕ್ ಕಂಪ್ಯೂಟರ್‌ಗೆ ಸೊನ್ನೆ-ಇಂಟು ಆಟ ಕಲಿಸಿದರು. ನಿಮ್ಮ ಶಾಲೆಯ ಮಕ್ಕಳು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಆಡುವ ಅದೇ ಆಟ. ಯಾವ ಮನೆಗೆ ಗುರುತು ಹಾಕಬೇಕು ಅನ್ನುವುದನ್ನು ಟೆಲಿಫೋನ್ ಡಯಲ್ ತಿರುಗಿಸಿ ತಿಳಿಸಬೇಕಿತ್ತು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಆಸಿಲೋಸ್ಕೋಪ್ ಪರದೆಯ ಮೇಲೆ ಟೆನಿಸ್ ಆಡಿಸಿದರು. ಲ್ಯಾಬ್ ನೋಡಲು ಬರುವ ಜನರಿಗೆ ಬೇಸರ ಆಗಬಾರದು ಅನ್ನುವುದಷ್ಟೇ ಅವರ ಉದ್ದೇಶ. ಆದರೆ ಗೇಮ್‌ಗಳನ್ನೇ ಅಧ್ಯಯನ ಮಾಡುವ ಶಿಸ್ತು ಬೆಳೆದದ್ದು ಬಹಳ ತಡವಾಗಿ. 'ಗೇಮ್ ಸ್ಟಡೀಸ್' ಎಂಬ ಪತ್ರಿಕೆ 2001ರಲ್ಲಿ ಶುರುವಾಯಿತು. ಡಿಗ್ರಾ ಎಂಬ ಅಂತರರಾಷ್ಟ್ರೀಯ ಸಂಘ 2003ರಲ್ಲಿ ಬಂತು. ಅಂದರೆ ಈ ಶಿಸ್ತಿಗೆ ಹೆಚ್ಚುಕಡಿಮೆ ನಿಮ್ಮ ಮಗನಷ್ಟೇ ವಯಸ್ಸು.

ಈಗ ನೀವು ಪೋಷಕರ ಸಭೆಯಲ್ಲಿ ಹೇಳುವ ಮಾತಿಗೆ ಬರೋಣ. ಹೊಡೆದಾಟದ ಗೇಮ್ ಆಡಿದರೆ ಮಕ್ಕಳು ಒರಟಾಗುತ್ತಾರಾ?

ಲ್ಯಾಬ್‌ನಲ್ಲಿ ಒರಟುತನವನ್ನು ಹೇಗೆ ಅಳೆಯುತ್ತಾರೆ ಗೊತ್ತಾ? ಯಾರಿಗೂ ನಿಜವಾಗಿ ಹೊಡೆಯಲು ಬಿಡುವಂತಿಲ್ಲ. ಅದಕ್ಕೆ ಬಹಳ ಕಾಲದಿಂದ ಬಳಸುತ್ತಾ ಬಂದಿರುವ ಒಂದು ಪರೀಕ್ಷೆ ಇದೆ. ವಿದ್ಯಾರ್ಥಿಯನ್ನು ಹೊಡೆದಾಟದ ಗೇಮ್ ಅಥವಾ ಸಾದಾ ಗೇಮ್ ಆಡಿಸುತ್ತಾರೆ. ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆ, ಯಾರು ಬೇಗ ಬಟನ್ ಒತ್ತುತ್ತೀರೋ ಅವರು ಗೆದ್ದಂತೆ ಅನ್ನುತ್ತಾರೆ. ಸೋತವನ ಕಿವಿಗೆ ಕರ್ಕಶ ಸದ್ದು ಬೀಳುತ್ತದೆ. ಎದುರಾಳಿಗೆ ಎಷ್ಟು ಜೋರಾದ ಸದ್ದು, ಎಷ್ಟು ಹೊತ್ತು ಕೇಳಿಸಬೇಕು ಅನ್ನುವುದನ್ನು ಪ್ರತಿ ಸುತ್ತಿಗೂ ಮೊದಲು ವಿದ್ಯಾರ್ಥಿಯೇ ಆರಿಸಬೇಕು. ಪಕ್ಕದ ಕೋಣೆಯಲ್ಲಿ ನಿಜವಾಗಿ ಯಾರೂ ಇರುವುದಿಲ್ಲ. ಸೋಲು-ಗೆಲುವನ್ನು ಕಂಪ್ಯೂಟರ್ ಮೊದಲೇ ತೀರ್ಮಾನಿಸಿರುತ್ತದೆ. ಜೋರು ಸದ್ದು ಆರಿಸಿದರೆ ಒರಟುತನ ಜಾಸ್ತಿ ಎಂದು ಲೆಕ್ಕ.

ಯೋಚನೆ ಚೆನ್ನಾಗಿಯೇ ಇದೆ. ತೊಂದರೆ ಬಂದದ್ದು ಅಂಕ ಕೊಡುವ ಜಾಗದಲ್ಲಿ. ಒಬ್ಬ ಸಂಶೋಧಕರು ಮೊದಲ ಸುತ್ತಿನ ಸದ್ದನ್ನು ಮಾತ್ರ ಎಣಿಸಿದರು. ಇನ್ನೊಬ್ಬರು ಎಲ್ಲ ಸುತ್ತುಗಳ ಸರಾಸರಿ ತೆಗೆದರು. ಮತ್ತೊಬ್ಬರು ಜೋರನ್ನು ಹೊತ್ತಿನಿಂದ ಗುಣಿಸಿದರು. ಕೆಲವರು ತೀರಾ ಜೋರಾದದ್ದನ್ನು ಎಷ್ಟು ಸಲ ಆರಿಸಿದರು ಅನ್ನುವುದನ್ನಷ್ಟೇ ನೋಡಿದರು. ಜರ್ಮನಿಯ ಮನಶ್ಶಾಸ್ತ್ರಜ್ಞ ಮಾಲ್ಟೆ ಎಲ್ಸನ್ ಈ ಪರೀಕ್ಷೆ ಬಳಸಿದ ಪ್ರಬಂಧಗಳನ್ನೆಲ್ಲ ಒಂದೆಡೆ ಸೇರಿಸಿ ನೋಡಿದರು. ಪ್ರಬಂಧಗಳು ಸುಮಾರು 130. ಅಂಕ ಕೊಟ್ಟ ವಿಧಾನಗಳು 150ಕ್ಕೂ ಜಾಸ್ತಿ! ಅದೇ ಡೇಟಾವನ್ನು ಒಂದು ರೀತಿ ಎಣಿಸಿದರೆ ಗೇಮ್ ಕೆಟ್ಟದ್ದು ಎಂದು ಬರುತ್ತದೆ. ಇನ್ನೊಂದು ರೀತಿ ಎಣಿಸಿದರೆ ಏನೂ ಬರುವುದಿಲ್ಲ. ಉತ್ತರ ಪತ್ರಿಕೆಗಳನ್ನು ಓದಿ ಮುಗಿಸಿದ ಮೇಲೆ ಕೀ ಆನ್ಸರ್ ಬರೆದ ಹಾಗೆ ಇದು. ಯಾರೂ ಬೇಕೆಂದೇ ಮೋಸ ಮಾಡಬೇಕಾಗಿಲ್ಲ. ಮನಸ್ಸಿನಲ್ಲಿ ಒಂದು ಉತ್ತರ ಮೊದಲೇ ಇದ್ದರೆ ಕೈ ತಾನಾಗಿ ಆ ಕಡೆ ವಾಲುತ್ತದೆ.

ಇದಕ್ಕೆ ಮದ್ದು ಸರಳ. ಡೇಟಾ ಕೈಗೆ ಬರುವ ಮೊದಲೇ ಏನನ್ನು ಎಣಿಸುತ್ತೇವೆ, ಹೇಗೆ ಎಣಿಸುತ್ತೇವೆ ಎಂದು ಬರೆದು ನೋಂದಾಯಿಸಿಬಿಡುವುದು. ಆಕ್ಸ್‌ಫರ್ಡ್‌ನ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ಕಾರ್ಡಿಫ್‌ನ ನೆಟ್ಟಾ ವೈನ್‌ಸ್ಟೈನ್ ಹಾಗೇ ಮಾಡಿದರು. ಬ್ರಿಟನ್ನಿನ 14–15 ವರ್ಷದ 1,004 ಮಕ್ಕಳನ್ನೂ ಅಷ್ಟೇ ಸಂಖ್ಯೆಯ ಪೋಷಕರನ್ನೂ ವಿಚಾರಿಸಿದರು. ಯಾವ ಗೇಮ್ ಆಡುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಗೇಮ್‌ನಲ್ಲಿ ಹಿಂಸೆ ಇದೆಯಾ ಇಲ್ವಾ ಅನ್ನುವುದನ್ನು ಮಕ್ಕಳ ಬಾಯಿಗೆ ಬಿಡದೆ ಅಧಿಕೃತ ರೇಟಿಂಗ್ ನೋಡಿ ತೀರ್ಮಾನಿಸಿದರು. ಮಗುವಿನ ವರ್ತನೆ ಹೇಗಿದೆ ಎಂದು ಪೋಷಕರಿಂದ ತಿಳಿದುಕೊಂಡರು. 2019ರಲ್ಲಿ ಫಲಿತಾಂಶ ಬಂತು. ಹಿಂಸೆಯ ಗೇಮ್‌ಗೂ ಒರಟು ವರ್ತನೆಗೂ ನಂಟು ಕಾಣಲಿಲ್ಲ.

ಹಾಗಂತ ವಿಷಯ ಮುಗಿದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವಾದ ಎಪಿಎ 2020ರಲ್ಲಿ ಹೇಳಿದ್ದನ್ನು ನಿಮ್ಮ ಸಹೋದ್ಯೋಗಿಗಳಿಗೂ ತಿಳಿಸಿ. ಕಿರುಚುವುದು, ತಳ್ಳುವುದು ಇಂಥ ಸಣ್ಣಪುಟ್ಟ ಒರಟುತನದ ಜೊತೆ ಚಿಕ್ಕದೊಂದು ನಂಟು ಇದೆ ಎಂದು ಅದು ಒಪ್ಪುತ್ತದೆ. ಆದರೆ ನಿಜವಾದ ಹಿಂಸಾಚಾರಕ್ಕೆ ಗೇಮ್ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಎಲ್ಲೋ ಗುಂಡು ಹಾರಿದ ಮರುದಿನವೇ ಟಿವಿಯಲ್ಲಿ ಗೇಮ್‌ಗಳನ್ನು ಕಟಕಟೆಗೆ ಎಳೆಯುವುದು ನನಗೆ ಬೇಸರ ತರಿಸುತ್ತದೆ. ಆ ಹುಡುಗನ ಮನೆ ಹೇಗಿತ್ತು, ಬಂದೂಕು ಹೇಗೆ ಸಿಕ್ಕಿತು ಅನ್ನುವ ಪ್ರಶ್ನೆಗಳು ಆ ಗದ್ದಲದಲ್ಲಿ ಮುಳುಗಿಹೋಗುತ್ತವೆ.

ಬುದ್ಧಿ ಚುರುಕಾಗುತ್ತದೆ ಅನ್ನುವವರ ಮಾತನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು, ಅಲ್ವಾ? ಆ ಮಾತಿನ ದೊಡ್ಡ ಆಧಾರ 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಬಂಧ. ರೋಚೆಸ್ಟರ್ ವಿಶ್ವವಿದ್ಯಾಲಯದ ಶಾನ್ ಗ್ರೀನ್ ಮತ್ತು ಡಾಫ್ನೆ ಬವೆಲಿಯೆ ಗೇಮ್ ಆಡದವರನ್ನು ಆರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯುದ್ಧದ ಗೇಮ್ 'ಮೆಡಲ್ ಆಫ್ ಆನರ್', ಇನ್ನೊಂದಕ್ಕೆ ಬೀಳುವ ತುಂಡುಗಳನ್ನು ಜೋಡಿಸುವ 'ಟೆಟ್ರಿಸ್'. ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಆಡಿಸಿದರು. ಪರದೆಯ ಅಂಚಿನಲ್ಲಿ ಮಿಂಚಿ ಮಾಯವಾಗುವ ಗುರುತುಗಳನ್ನು ಗುರುತಿಸುವುದರಲ್ಲಿ ಯುದ್ಧದ ಗೇಮ್ ಆಡಿದವರು ಜಾಸ್ತಿ ಸುಧಾರಿಸಿದರು. ಪತ್ರಿಕೆಗಳು ಇದನ್ನು ಹಬ್ಬದಂತೆ ಆಚರಿಸಿದವು.

ಆಮೇಲೆ ವಾಲ್ಟರ್ ಬೂಟ್, ಡೇನಿಯಲ್ ಸೈಮನ್ಸ್ ಮೊದಲಾದ ಮನಶ್ಶಾಸ್ತ್ರಜ್ಞರು ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. ವೇಗದ ಗೇಮ್ ಆಡಿದವರಿಗೆ ನಮ್ಮ ಕಣ್ಣು ಚುರುಕಾಗಿರಬೇಕು ಅನ್ನುವ ನಿರೀಕ್ಷೆ ತಾನಾಗಿ ಹುಟ್ಟುತ್ತದೆ. ಟೆಟ್ರಿಸ್ ಆಡಿದವರಿಗೆ ಕಣ್ಣಿನ ಪರೀಕ್ಷೆಯ ಬಗ್ಗೆ ಅಂಥ ನಿರೀಕ್ಷೆ ಇರುವುದಿಲ್ಲ. ಔಷಧದ ಪ್ರಯೋಗದಲ್ಲಿ ಸುಮ್ನೆ ಸಕ್ಕರೆ ಗುಳಿಗೆ ಕೊಟ್ಟು ಯಾರು ಯಾವುದು ತಿಂದರೆಂದು ಮರೆಮಾಡಬಹುದು. ತಾನು ಯಾವ ಗೇಮ್ ಆಡಿದೆ ಅನ್ನುವುದನ್ನು ಆಡಿದವನಿಂದ ಮುಚ್ಚಿಡಲು ಆಗುವುದಿಲ್ಲ. ಹಾಗಾಗಿ ಸುಧಾರಣೆಯಲ್ಲಿ ಗೇಮ್‌ನ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು ಅನ್ನುವುದನ್ನು ಬೇರ್ಪಡಿಸುವುದು ಕಷ್ಟ. ಈ ಚರ್ಚೆ ಇನ್ನೂ ಜೀವಂತವಾಗಿದೆ. 'ಬ್ರೈನ್ ಟ್ರೇನಿಂಗ್' ಆ್ಯಪ್‌ಗೆ ದುಡ್ಡು ಕಟ್ಟುವ ಮೊದಲು ನೆನಪಿಡಬೇಕಾದದ್ದು ಇದನ್ನೇ.

ಇನ್ನು ಎಷ್ಟು ಹೊತ್ತು ಆಡುತ್ತಾರೆ ಅನ್ನುವ ಪ್ರಶ್ನೆ. ಬಹಳ ವರ್ಷ ಸಂಶೋಧಕರು ಇದನ್ನು ಆಡುವವರನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ನಿಮ್ಮ ವಿದ್ಯಾರ್ಥಿಗೆ ದಿನಕ್ಕೆ ಎಷ್ಟು ಗಂಟೆ ಓದುತ್ತೀಯ ಎಂದು ಕೇಳಿ ನೋಡಿ, ಉತ್ತರವನ್ನು ಎಷ್ಟು ನಂಬಬಹುದು ಅನ್ನುವುದು ನಿಮಗೇ ಗೊತ್ತು. ಆಕ್ಸ್‌ಫರ್ಡ್‌ನವರು ಗೇಮ್ ಕಂಪನಿಗಳ ಸರ್ವರ್‌ನಲ್ಲಿರುವ ನಿಜವಾದ ಲೆಕ್ಕವನ್ನೇ ಕೇಳಿ ಪಡೆದರು. 2022ರಲ್ಲಿ ಬಂದ ಅಧ್ಯಯನದಲ್ಲಿ ಏಳು ಗೇಮ್‌ಗಳ 38,935 ಆಟಗಾರರಿದ್ದರು. ಆಡಿದ ಹೊತ್ತು ಹೆಚ್ಚಾದರೆ ಮನಸ್ಸಿನ ನೆಮ್ಮದಿ ಕೆಡುತ್ತದೆ ಅಥವಾ ಸುಧಾರಿಸುತ್ತದೆ ಅನ್ನುವುದಕ್ಕೆ ಪುರಾವೆ ಹೆಚ್ಚುಕಡಿಮೆ ಸಿಗಲೇ ಇಲ್ಲ. ಯಾಕೆ ಆಡುತ್ತಾರೆ ಅನ್ನುವುದಕ್ಕೂ ನೆಮ್ಮದಿಗೂ ಮಾತ್ರ ನಂಟು ಕಂಡಿತು. ಇಷ್ಟಪಟ್ಟು ಆಡುವವರು ಚೆನ್ನಾಗಿದ್ದರು. ಆಡಲೇಬೇಕು ಅನ್ನುವ ಒತ್ತಡದಲ್ಲಿ ಆಡುವವರು ಅಷ್ಟು ಚೆನ್ನಾಗಿರಲಿಲ್ಲ. ಆದರೆ ಇವರೆಲ್ಲ 18 ದಾಟಿದವರು. ಇದನ್ನು ಹಿಡಿದುಕೊಂಡು ಎಂಟನೇ ತರಗತಿಯ ಮಕ್ಕಳ ಬಗ್ಗೆ ಏನೂ ಹೇಳುವಂತಿಲ್ಲ.

ಹಾಗಾದರೆ ಗೇಮ್ ಚಟ ಅನ್ನುವುದು ಇಲ್ವಾ? ಇದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ತನ್ನ ರೋಗಪಟ್ಟಿ ಐಸಿಡಿ-11ಕ್ಕೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದರಲ್ಲಿ ಇಷ್ಟು ಗಂಟೆ ಆಡಿದರೆ ರೋಗ ಎಂಬ ಗೆರೆ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು. ಹಾಳಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರಬೇಕು. ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ನಡೆದಿರಬೇಕು. ಈ ಪಟ್ಟಿಗೆ ಇದನ್ನು ಸೇರಿಸುವುದನ್ನು ವಿರೋಧಿಸಿ ಹಲವು ಸಂಶೋಧಕರು ಬಹಿರಂಗವಾಗಿ ಬರೆದರು. ಖಿನ್ನತೆಯಿಂದ ಆಟಕ್ಕೆ ಅಂಟಿಕೊಂಡ ಹುಡುಗನಿಗೆ ಆಟದ ರೋಗಿ ಎಂಬ ಹಣೆಪಟ್ಟಿ ಬೀಳುತ್ತದೆ ಅನ್ನುವುದು ಅವರ ಆತಂಕಗಳಲ್ಲೊಂದು. ನನಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ. ಆದರೂ ಒದ್ದಾಡುತ್ತಿರುವ ಮನೆಯವರಿಗೆ ಬಾಗಿಲು ತಟ್ಟಲು ಒಂದು ಜಾಗ ಇರುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಮೊಬೈಲು, ಗೇಮ್, ಇಂಟರ್ನೆಟ್‌ನಿಂದ ತೊಂದರೆಗೆ ಸಿಕ್ಕಿದವರನ್ನು ಅಲ್ಲಿ ನೋಡುತ್ತಾರೆ. ಪೋಷಕರ ಸಭೆಯಲ್ಲಿ ಗೇಮ್‌ಗೆ ಬೈಯುವುದಕ್ಕಿಂತ ಮೇಲಿನ ಲಕ್ಷಣಗಳನ್ನು ವಿವರಿಸಿ ಈ ವಿಳಾಸ ಕೊಟ್ಟರೆ ಹೆಚ್ಚು ಉಪಕಾರ.

ಇಷ್ಟು ಹೊತ್ತು ಗೇಮ್ ಜನರಿಗೆ ಏನು ಮಾಡುತ್ತದೆ ಎಂದು ಹೇಳಿದೆ. ನನಗೆ ಇದಕ್ಕಿಂತ ಪ್ರಿಯವಾದ ಇನ್ನೊಂದು ದಾರಿ ಇದೆ. ಗೇಮ್ ಅನ್ನೇ ಅಳತೆಗೋಲು ಮಾಡಿಕೊಂಡು ಬೇರೆ ಏನನ್ನಾದರೂ ಕಂಡುಹಿಡಿಯುವುದು. ಇದರಲ್ಲಿ 'ಸೀ ಹೀರೊ ಕ್ವೆಸ್ಟ್'ನಷ್ಟು ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಮರೆವಿನ ಕಾಯಿಲೆಯ ಆರಂಭದಲ್ಲೇ ದಾರಿ ತಪ್ಪುವುದು ಶುರುವಾಗಬಹುದು. ಆದರೆ ಆರೋಗ್ಯವಂತರು ಎಷ್ಟರಮಟ್ಟಿಗೆ ದಾರಿ ತಪ್ಪುತ್ತಾರೆ ಅನ್ನುವುದೇ ಗೊತ್ತಿಲ್ಲದಿದ್ದರೆ ಯಾರದ್ದು ಕಾಯಿಲೆ, ಯಾರದ್ದು ಸಹಜ ಎಂದು ಹೇಳುವುದು ಹೇಗೆ? ಲ್ಯಾಬ್‌ಗೆ ಒಬ್ಬೊಬ್ಬರನ್ನೇ ಕರೆಸಿದರೆ ನೂರು ಜನ ಸಿಗುವುದೂ ಕಷ್ಟ. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ಹ್ಯೂಗೊ ಸ್ಪಿಯರ್ಸ್ ಮತ್ತು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಮೈಕಲ್ ಹಾರ್ನ್‌ಬರ್ಗರ್ ತಂಡ 2016ರಲ್ಲಿ ಒಂದು ಮೊಬೈಲ್ ಗೇಮ್ ಬಿಟ್ಟಿತು. ನಕ್ಷೆ ತೋರಿಸುತ್ತಾರೆ, ನೋಡಿ ನೆನಪಿಟ್ಟುಕೊಳ್ಳಬೇಕು. ನಕ್ಷೆ ಮಾಯವಾಗುತ್ತದೆ. ಆಮೇಲೆ ದೋಣಿ ನಡೆಸಿಕೊಂಡು ಒಂದಾದ ಮೇಲೊಂದು ಗುರುತಿನ ಜಾಗ ಮುಟ್ಟಬೇಕು. ಇನ್ನು ಕೆಲವು ಹಂತಗಳಲ್ಲಿ ತಿರುವುಗಳನ್ನೆಲ್ಲ ದಾಟಿ ಹೋದ ಮೇಲೆ, ಹೊರಟ ಜಾಗ ಯಾವ ಕಡೆ ಇದೆ ಎಂದು ಊಹಿಸಿ ಆ ದಿಕ್ಕಿಗೆ ಬೆಳಕಿನ ಬಾಣ ಹಾರಿಸಬೇಕು. ದೋಣಿ ಎಲ್ಲಿದೆ ಅನ್ನುವುದು ಸೆಕೆಂಡಿಗೆ ಎರಡು ಸಲ ದಾಖಲಾಗುತ್ತದೆ. 40 ಲಕ್ಷಕ್ಕೂ ಹೆಚ್ಚು ಜನ ಆಡಿದರು!

ಇಲ್ಲಿ ನಿಮ್ಮ ಮಗ ಕಲಿಯಬೇಕಾದ ಸೂಕ್ಷ್ಮ ಒಂದಿದೆ. ಹದಿನೆಂಟರ ಹುಡುಗನಿಗೆ ಬೆರಳು ಸಲೀಸಾಗಿ ಓಡುತ್ತದೆ. ಎಪ್ಪತ್ತರ ಅಜ್ಜಿಗೆ ದಾರಿ ಗೊತ್ತಿದ್ದರೂ ದೋಣಿ ತಿರುಗಿಸಲು ಬರದೇ ಇರಬಹುದು. ಹಾಗಾದರೆ ಅಳೆದದ್ದು ದಾರಿಯ ಅರಿವನ್ನೋ, ಮೊಬೈಲ್ ಅಭ್ಯಾಸವನ್ನೋ? ತಂಡ ಇದಕ್ಕೆ ಮೊದಲೇ ಉಪಾಯ ಮಾಡಿತ್ತು. ಮೊದಲ ಎರಡು ಹಂತಗಳಲ್ಲಿ ಗುರಿ ಕಣ್ಣಿಗೇ ಕಾಣುವಷ್ಟು ಸುಲಭ, ದಾರಿ ಹುಡುಕುವ ಕೆಲಸವೇ ಇಲ್ಲ. ಅಲ್ಲಿ ದೋಣಿ ಎಷ್ಟು ಸೊಟ್ಟಗೆ ಹೋಯಿತು ಅನ್ನುವುದು ಬೆರಳಿನ ಅಭ್ಯಾಸದ ಲೆಕ್ಕ. ಮುಂದಿನ ಹಂತಗಳ ದೂರವನ್ನು ಅದರಿಂದ ಭಾಗಿಸಿದರು. ಆಟಗಾರನಿಗೆ ಅದು ಆಟ ಕಲಿಸುವ ಹಂತ, ಸಂಶೋಧಕನಿಗೆ ತಕ್ಕಡಿಯನ್ನು ಸೊನ್ನೆಗೆ ತರುವ ಹಂತ. ಗೇಮ್ ಕಟ್ಟುವುದೂ ಪ್ರಯೋಗ ಕಟ್ಟುವುದೂ ಒಂದೇ ಕೆಲಸವಾಗುವುದು ಇಂಥ ಕಡೆ. ನನಗೆ ಈ ಕ್ಷೇತ್ರ ಇಷ್ಟವಾಗುವುದೂ ಇದಕ್ಕೇ.

2022ರಲ್ಲಿ ಇದೇ ತಂಡ 38 ದೇಶಗಳ ಸುಮಾರು 4 ಲಕ್ಷ ಜನರ ಡೇಟಾ ನೋಡಿತು. ಊರ ಹೊರಗೆ, ಹಳ್ಳಿ ಕಡೆ ಬೆಳೆದವರು ನಗರದಲ್ಲಿ ಬೆಳೆದವರಿಗಿಂತ ಒಟ್ಟಾರೆ ಚೆನ್ನಾಗಿ ದಾರಿ ಹುಡುಕುತ್ತಾರೆ ಎಂದು ಕಂಡಿತು. ನಗರಗಳಲ್ಲೂ ವ್ಯತ್ಯಾಸ ಇದೆ. ಶಿಕಾಗೊದಂತೆ ರಸ್ತೆಗಳು ಚದುರಂಗದ ಮನೆಗಳ ಹಾಗೆ ನೆಟ್ಟಗಿರುವ ಕಡೆ ಬೆಳೆದವರು ಹಿಂದೆ ಬಿದ್ದರು. ಪ್ರಾಗ್‌ನಂತೆ ರಸ್ತೆಗಳು ಅಂಕುಡೊಂಕಾಗಿರುವ ಕಡೆ ಬೆಳೆದವರಿಗೆ ಅಷ್ಟು ತೊಂದರೆ ಇರಲಿಲ್ಲ. ಇದಕ್ಕೂ ಮೊದಲು 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಆಲ್ಝೈಮರ್ ಅಪಾಯ ಹೆಚ್ಚಿಸುವ ಎಪಿಒಇ-4 ಜೀನ್ ಇರುವವರು ಸಾಮಾನ್ಯ ನೆನಪಿನ ಪರೀಕ್ಷೆಯಲ್ಲಿ ಎಲ್ಲರಂತೆ ಅಂಕ ಪಡೆದರೂ ಈ ಗೇಮ್‌ನಲ್ಲಿ ಬೇರೆ ದಾರಿ ಹಿಡಿಯುತ್ತಾರೆ ಎಂದು ತಿಳಿಯಿತು. ಇಷ್ಟೆಲ್ಲ ಹೊರಬಂದದ್ದು ಜನ ಬಸ್ಸಿನಲ್ಲಿ, ಸೋಫಾದಲ್ಲಿ ಕೂತು ಆಡಿದ ಆಟದಿಂದ.

ನಿಮ್ಮ ಮಗ ಕಂಪ್ಯೂಟರ್ ಸೈನ್ಸ್ ಓದುತ್ತಿರುವುದರಿಂದ ಕೃತಕ ಬುದ್ಧಿಮತ್ತೆಯ ಕಡೆಯಿಂದಲೂ ಒಂದು ಮಾತು. ಎಐ ಸಂಶೋಧಕರಿಗೆ ಗೇಮ್ ಅಂದರೆ ಸಿದ್ಧ ಪರೀಕ್ಷಾ ಕೊಠಡಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಅಟಾರಿ 2600 ಎಂಬ ಹಳೇ ಗೇಮ್ ಯಂತ್ರದ ಗೇಮ್‌ಗಳನ್ನು ಒಟ್ಟುಮಾಡಿ ಎಲ್ಲರೂ ಬಳಸುವಂಥ ಒಂದು ಸಾಧನ ಕೊಟ್ಟರು. ಗೂಗಲ್‌ನ ಎಐ ಕಂಪನಿ ಡೀಪ್‌ಮೈಂಡ್ 2015ರಲ್ಲಿ ಅಂಥ 49 ಗೇಮ್‌ಗಳನ್ನು ಒಂದೇ ಪ್ರೋಗ್ರಾಂಗೆ ಆಡಲು ಕಲಿಸಿತು. ಅದಕ್ಕೆ ಕೊಟ್ಟದ್ದು ಪರದೆಯ ಚಿತ್ರ ಮತ್ತು ಸ್ಕೋರು, ನಿಯಮ ಹೇಳಿಕೊಡಲಿಲ್ಲ. ಒಂದೊಂದು ಗೇಮ್‌ಗೆ ಸುಮಾರು 38 ದಿನ ಆಡಿದಷ್ಟು ಅನುಭವ ಬೇಕಾಯಿತು. ಇಟ್ಟಿಗೆ ಒಡೆಯುವ 'ಬ್ರೇಕ್‌ಔಟ್' ಗೇಮ್‌ನಲ್ಲಿ ಗೋಡೆಯ ಬದಿಯಲ್ಲಿ ಸುರಂಗ ಕೊರೆದು ಚೆಂಡನ್ನು ಗೋಡೆಯ ಹಿಂದಕ್ಕೆ ಕಳಿಸುವ ಉಪಾಯವನ್ನು ಅದು ತಾನೇ ಕಂಡುಕೊಂಡಿತು.

ಆದರೆ 'ಮಾಂಟೆಝುಮಾಸ್ ರಿವೆಂಜ್' ಎಂಬ ಗೇಮ್‌ನಲ್ಲಿ ಅದೇ ಪ್ರೋಗ್ರಾಂಗೆ ಸೊನ್ನೆ ಬಂತು. ಕಾರಣ ನೋಡಿ. ಅಲ್ಲಿ ಏಣಿ ಇಳಿಯಬೇಕು, ಹಗ್ಗ ಹಿಡಿಯಬೇಕು, ಉರುಳುವ ತಲೆಬುರುಡೆ ದಾಟಬೇಕು, ಆಮೇಲೆ ಕೀಲಿಕೈ. ಅಲ್ಲಿಯವರೆಗೆ ಒಂದು ಅಂಕವೂ ಇಲ್ಲ. ಸ್ಕೋರು ನೋಡಿಯೇ ಕಲಿಯುವ ಯಂತ್ರಕ್ಕೆ ತಾನು ಸರಿದಾರಿಯಲ್ಲಿದ್ದೇನೆ ಎಂದು ತಿಳಿಯಲು ಏನೂ ಸಿಗುವುದಿಲ್ಲ. ಮನುಷ್ಯನಿಗೆ ಕೀಲಿಕೈ ಕಂಡ ತಕ್ಷಣ ಅದು ಬೇಕಾದದ್ದು ಎಂದು ಗೊತ್ತಾಗುತ್ತದೆ. ಈ ಒಂದು ಗೇಮ್‌ನ ಸೊನ್ನೆಯಿಂದ ಕುತೂಹಲವನ್ನು ಯಂತ್ರಕ್ಕೆ ಹೇಗೆ ಕಲಿಸುವುದು ಅನ್ನುವ ಸಂಶೋಧನೆಗೆ ದೊಡ್ಡ ಒತ್ತು ಸಿಕ್ಕಿತು. ಮುಂದೆ 'ಗೋ-ಎಕ್ಸ್‌ಪ್ಲೋರ್' ಎಂಬ ವಿಧಾನ ಬಂತು. ಅದು ಹಿಂದೆ ತಲುಪಿದ ಜಾಗಗಳನ್ನು ನೆನಪಿಟ್ಟು, ಅಲ್ಲಿಗೆ ಮರಳಿ, ಅಲ್ಲಿಂದ ಮುಂದೆ ಹುಡುಕುತ್ತಾ ಆ ಗೇಮ್ ಗೆದ್ದಿತು.

ಇನ್ನೂ ಹಲವು ಕವಲುಗಳಿವೆ, ಬೇಗ ಬೇಗ ಹೇಳುತ್ತೇನೆ. 2005ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಗೇಮ್ ಒಳಗೆ ಪಾತ್ರಗಳಿಗೆ ತಗಲುವ ಒಂದು ಕಾಲ್ಪನಿಕ ಸೋಂಕು ಕೈತಪ್ಪಿ ಹರಡಿದಾಗ ಜನ ಹೇಗೆ ಓಡಿದರು, ಯಾರು ಬೇಕೆಂದೇ ಹಂಚಿದರು ಅನ್ನುವುದು ಸಾಂಕ್ರಾಮಿಕ ರೋಗ ತಜ್ಞರ ಕುತೂಹಲ ಕೆರಳಿಸಿತು. 2007ರಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಯಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ಸುಟ್ಟಗಾಯದ ರೋಗಿಗಳಿಗೆ ಬ್ಯಾಂಡೇಜ್ ಬದಲಿಸುವಾಗ ವಿಆರ್ ಕನ್ನಡಕದಲ್ಲಿ ಹಿಮದ ಲೋಕ ತೋರಿಸಿ ನೋವು ಕಡಿಮೆ ಮಾಡುವ ಕೆಲಸ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಪ್ರೋಟೀನ್ ಮಡಚುವುದನ್ನೇ ಒಗಟು ಮಾಡಿದ, ಅದೇ ವಿಶ್ವವಿದ್ಯಾಲಯದ 'ಫೋಲ್ಡಿಟ್' ಗೇಮ್ ಆಡುವವರು, ವಿಜ್ಞಾನಿಗಳಿಗೆ ವರ್ಷಾನುಗಟ್ಟಲೆ ಸಿಗದ ಒಂದು ವೈರಸ್ ಕಿಣ್ವದ ರಚನೆ ಬಿಡಿಸಲು 2011ರಲ್ಲಿ ನೆರವಾದರು. ಒಳಗೇನಿದೆ ಎಂದು ತಿಳಿಯದೆ ಗೇಮ್‌ನಲ್ಲಿ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಎಂಬ ಪೆಟ್ಟಿಗೆಗೂ ಜೂಜಿಗೂ ಇರುವ ನಂಟಿನ ಬಗ್ಗೆ ಕಾನೂನು ಮತ್ತು ಮನಶ್ಶಾಸ್ತ್ರ ಎರಡೂ ಕಡೆಯವರು ಬರೆಯುತ್ತಿದ್ದಾರೆ. ಬೆಲ್ಜಿಯಂ 2018ರಲ್ಲೇ ಅವನ್ನು ಕಾನೂನುಬಾಹಿರ ಎಂದು ಘೋಷಿಸಿತು. ಗೇಮ್‌ಗಳ ಕಥೆ, ಚರಿತ್ರೆ ಓದುವವರೂ ಇದ್ದಾರೆ. ಭಾರತದಲ್ಲಿ ಈ ಕೆಲಸ ಮಾಡುವವರಲ್ಲಿ ಕೋಲ್ಕತ್ತದ ಸೌವಿಕ್ ಮುಖರ್ಜಿ ಹೆಸರು ಮುಖ್ಯ. ಈ ಕವಲಿಗೆ ಹೋಗುವವರು ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ ಹಲಗೆಯಾಟಗಳನ್ನು ನೋಡಬೇಕು. ನಿಯಮಗಳನ್ನು ಅಷ್ಟು ಕೂಲಂಕಷವಾಗಿ ಯೋಚಿಸಿದ ಅರಸರು ನಮ್ಮಲ್ಲಿದ್ದರು ಅನ್ನುವುದು ಹೆಮ್ಮೆಯ ವಿಷಯ.

ನಮ್ಮ ಕಡೆಯ ಹುಡುಗನಿಗೆ ಇಲ್ಲಿ ಏನು ಕೆಲಸ ಉಳಿದಿದೆ ಎಂದು ನೀವು ಕೇಳಬಹುದು. ಬೇಕಾದಷ್ಟಿದೆ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಬಹುಪಾಲು ಯುರೋಪು, ಅಮೆರಿಕದವು. ಅಲ್ಲಿ ಒಂದು ಅಕೌಂಟ್ ಅಂದರೆ ಒಬ್ಬ ಮನುಷ್ಯ ಎಂದು ಹಿಡಿಯುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಫೋನು ಅಪ್ಪ, ಅಕ್ಕ, ತಮ್ಮ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಸರ್ವರ್ ಲೆಕ್ಕದಲ್ಲಿ ಅದು ದಿನಕ್ಕೆ ಐದು ಗಂಟೆ ಆಡುವ ಒಬ್ಬ ಚಟಗಾರ. ನಿಜದಲ್ಲಿ ಮೂವರು ಸಾಮಾನ್ಯ ಜನ. ಇದನ್ನು ಬಿಡಿಸುವುದು ಹೇಗೆ? ಆಡುವ ರೀತಿ ನೋಡಿಯೇ ಈಗ ಫೋನು ಯಾರ ಕೈಯಲ್ಲಿದೆ ಎಂದು ಹೇಳಬಹುದಾ? ಇದು ಕಂಪ್ಯೂಟರ್ ಸೈನ್ಸ್ ಪ್ರಶ್ನೆಯೂ ಹೌದು, ಸಮಾಜದ ಪ್ರಶ್ನೆಯೂ ಹೌದು. ಪ್ರಶ್ನಾವಳಿಗಳದ್ದೂ ಇದೇ ಕಥೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದ ಪ್ರಶ್ನೆಯನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಅದು ಹಾವೇರಿಯ ಹುಡುಗಿಯಲ್ಲಿ ಅದೇ ಸಂಗತಿಯನ್ನು ಅಳೆಯುತ್ತದೆ ಎಂಬ ಖಾತರಿ ಇಲ್ಲ. ಅದನ್ನು ಇಲ್ಲಿನ ನೂರಾರು ಜನರ ಮೇಲೆ ಮತ್ತೆ ಪರೀಕ್ಷಿಸಬೇಕು. ಕನ್ನಡ ಬಲ್ಲವರೇ ಮಾಡಬೇಕಾದ ಕೆಲಸ ಇದು.

ಈಗ ನಿಮ್ಮ ಮೂರನೇ ಪ್ರಶ್ನೆ. ನನ್ನ ಸಲಹೆ ಇಷ್ಟು. ಅವನ ಹಟವನ್ನು ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಪರೀಕ್ಷೆಗೆ ಹಚ್ಚಿ. ಗೇಮ್ ಮಾಡಲು ಹೇಳಬೇಡಿ, ಗೇಮ್‌ನಿಂದ ಒಂದು ಪ್ರಶ್ನೆಗೆ ಉತ್ತರ ತರಲು ಹೇಳಿ.

ಒಂದು ಉದಾಹರಣೆ ಕೊಡುತ್ತೇನೆ. ಆನ್‌ಲೈನ್ ಗೇಮ್‌ನಲ್ಲಿ ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಅದು ಕಾಣಿಸಲು ತಡವಾಗುತ್ತದೆ, ಹುಡುಗರು ಲ್ಯಾಗ್ ಅನ್ನುತ್ತಾರೆ. ಅಮೆರಿಕದ ವೂಸ್ಟರ್‌ನಲ್ಲಿ ಮಾರ್ಕ್ ಕ್ಲೇಪೂಲ್ ಎಂಬ ಸಂಶೋಧಕರು ಇದರ ಮೇಲೆ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಗುರಿಯಿಟ್ಟು ಹೊಡೆಯುವ ಗೇಮ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಆಟ ಕೆಡುತ್ತದೆ. ಮೇಲಿನಿಂದ ನೋಡಿ ಸೈನ್ಯ ನಡೆಸುವ ಗೇಮ್‌ನಲ್ಲಿ ಪೂರ್ತಿ ಒಂದು ಸೆಕೆಂಡಿನವರೆಗೂ ಸಹಿಸಬಹುದು. ನಿಮ್ಮ ಮಗ ಗೊಡೋ ಎಂಬ ಉಚಿತ ತಂತ್ರಾಂಶದಲ್ಲಿ, ಪರದೆಯಲ್ಲಿ ಮೂಡುವ ವೃತ್ತಗಳನ್ನು ಮೌಸ್‌ನಿಂದ ಬೆನ್ನಟ್ಟಿ ಒತ್ತುವ ಚಿಕ್ಕ ಗೇಮ್ ಕಟ್ಟಲಿ. ಮೌಸ್ ಸರಿಸುವುದಕ್ಕೂ ಪರದೆಯ ಬಾಣ ಸರಿಯುವುದಕ್ಕೂ ನಡುವೆ ಬೇಕೆಂದೇ 0, 50, 100, 200 ಮಿಲಿಸೆಕೆಂಡ್ ತಡ ಸೇರಿಸಲಿ. ಹಾಸ್ಟೆಲ್‌ನ ಇಪ್ಪತ್ತು ಜನರನ್ನು ಒಪ್ಪಿಗೆ ಬರೆಸಿಕೊಂಡು ಆಡಿಸಲಿ. ತಡದ ಕ್ರಮ ಒಬ್ಬೊಬ್ಬರಿಗೂ ಬೇರೆ ಇರಲಿ, ಇಲ್ಲದಿದ್ದರೆ ಕೊನೆಯ ಸುತ್ತಿನ ಸುಸ್ತನ್ನು ತಡದ ಪರಿಣಾಮ ಎಂದು ಎಣಿಸಿಬಿಡುತ್ತಾನೆ. ಎಲ್ಲರೂ ಒಂದೇ ಕಂಪ್ಯೂಟರ್ ಬಳಸಲಿ. ಏನನ್ನು ಎಣಿಸುತ್ತೇನೆ, ಯಾವ ಫಲಿತಾಂಶ ಬಂದರೆ ನನ್ನ ಊಹೆ ತಪ್ಪು ಎಂದು ಒಪ್ಪುತ್ತೇನೆ ಅನ್ನುವುದನ್ನು ಮೊದಲೇ ಒಂದು ಪುಟದಲ್ಲಿ ಬರೆದು ನಿಮ್ಮ ಕೈಗೆ ಕೊಡಲಿ. ನೀವು ವಿಜ್ಞಾನ ಶಿಕ್ಷಕಿ, ಆ ಪುಟವನ್ನು ತಿದ್ದಲು ಗೇಮ್ ಗೊತ್ತಿರಬೇಕಾಗಿಲ್ಲ.

ಈ ಕೆಲಸ ಮಾಡುತ್ತಾ ಎಕ್ಸೆಲ್ ಹಾಳೆಯ ಮುಂದೆ ಕೂತಾಗಲೂ ಅವನಿಗೆ ಉತ್ಸಾಹ ಉಳಿದರೆ ಧೈರ್ಯವಾಗಿ ಬಿಡಿ. ಗೇಮ್ ಕಟ್ಟುವಾಗ ಮಾತ್ರ ಖುಷಿ, ಎಣಿಸುವಾಗ ಬೇಸರ ಅನ್ನಿಸಿದರೆ ಅವನಿಗೆ ಬೇಕಾದದ್ದು ಗೇಮ್ ಡಿಸೈನ್. ಅದೂ ಒಳ್ಳೆಯ ದಾರಿಯೇ. ಎನ್‌ಐಡಿಯಂಥ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಸಂಸ್ಥೆಗಳಲ್ಲಿ ಡಿಜಿಟಲ್ ಗೇಮ್ ಡಿಸೈನ್ ಎಂ.ಡೆಸ್., ಅಂದರೆ ಡಿಸೈನ್ ಸ್ನಾತಕೋತ್ತರ ಪದವಿ ಇದೆ. ಐಐಟಿ ಬಾಂಬೆ, ಐಐಟಿ ಗುವಾಹಟಿಯ ಡಿಸೈನ್ ವಿಭಾಗಗಳ ಎಂ.ಡೆಸ್.ಗೆ ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಸಂಶೋಧನೆಯೇ ಆದರೆ 'ಗೇಮ್' ಎಂಬ ಹೆಸರಿನ ವಿಭಾಗವನ್ನೇ ಹುಡುಕುತ್ತಾ ಕೂರಬೇಕಿಲ್ಲ. ಎಐ ಕಡೆ ಒಲವಿದ್ದರೆ ಕಂಪ್ಯೂಟರ್ ಸೈನ್ಸ್, ಆಡುವವರ ಮನಸ್ಸಿನ ಕಡೆ ಇದ್ದರೆ ಮನಶ್ಶಾಸ್ತ್ರ ಅಥವಾ ಡಿಸೈನ್ ವಿಭಾಗ ಸಾಕು. ಗೈಡ್ ಆ ಕೆಲಸ ಮಾಡುತ್ತಿರಬೇಕು ಅಷ್ಟೇ. ಹೊರದೇಶದಲ್ಲಿ ಕೋಪನ್‌ಹೇಗನ್ನಿನ ಐಟಿ ವಿಶ್ವವಿದ್ಯಾಲಯ, ಫಿನ್ಲೆಂಡಿನ ಟಾಂಪೆರೆ, ಇಂಗ್ಲೆಂಡಿನ ಯಾರ್ಕ್, ಕೆನಡಾದ ವಾಟರ್‌ಲೂ, ಮಾಲ್ಟಾ ವಿಶ್ವವಿದ್ಯಾಲಯ, ಇವೆಲ್ಲ ಈ ಕೆಲಸಕ್ಕೆ ಹೆಸರಾದವು. ಡೆನ್ಮಾರ್ಕ್‌ನಲ್ಲಿ ಪಿಎಚ್‌ಡಿ ಮಾಡುವವರು ಸಂಬಳ ಪಡೆಯುವ ನೌಕರರು. ಅಮೆರಿಕದಲ್ಲೂ ಒಳ್ಳೆಯ ಪಿಎಚ್‌ಡಿ ಸೀಟಿನ ಜೊತೆ ಸಾಮಾನ್ಯವಾಗಿ ಸ್ಟೈಪೆಂಡ್ ಬರುತ್ತದೆ. ಹಾಗಾಗಿ ಪಿಎಚ್‌ಡಿಗೆಂದು ಮನೆ ಅಡ ಇಡಬೇಡಿ. ಸಾಲದ ಭಾರ ಬೀಳುವುದು ಹೊರದೇಶದ ಮಾಸ್ಟರ್ಸ್‌ಗೆ. ಅದನ್ನು ತೆಗೆದುಕೊಳ್ಳುವ ಮೊದಲು ಎರಡು ಸಲ ಲೆಕ್ಕ ಹಾಕಿ.

ಪ್ರೊಫೆಸರ್‌ಗಳಿಗೆ ಮೇಲ್ ಬರೆಯುವಾಗ ಚಿಕ್ಕಂದಿನಿಂದ ನನಗೆ ಗೇಮ್ ಅಂದರೆ ಪ್ರಾಣ ಎಂದು ಶುರು ಮಾಡುವುದು ಬೇಡ ಎಂದು ಹೇಳಿ. ಅಂಥ ಮೇಲ್‌ಗಳು ನನಗೂ ರಾಶಿ ರಾಶಿ ಬರುತ್ತವೆ. ಅವರ ಒಂದು ಪೇಪರ್ ಪೂರ್ತಿ ಓದಿ, ಅದರ ಅಳತೆಯ ಬಗ್ಗೆ ಒಂದು ಪ್ರಶ್ನೆ ಕೇಳಲಿ. ಜೊತೆಗೆ ಆ ಇಪ್ಪತ್ತು ಜನರ ಡೇಟಾ, ಕೋಡ್, ಮೊದಲೇ ಬರೆದಿಟ್ಟ ಆ ಒಂದು ಪುಟ, ಮೂರನ್ನೂ ಲಗತ್ತಿಸಲಿ. ಅಮೆರಿಕದ ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲೇ ಬರುತ್ತದೆ. ಏಳನೇ ಸೆಮಿಸ್ಟರ್ ಶುರುವಾಗುವ ಮೊದಲೇ ಪ್ರಯೋಗ ಆರಂಭಿಸಿದರೆ ಸಮಯ ಸರಿಹೋಗುತ್ತದೆ.